ಕ್ಯಾಪ್ ಅಂಟಿಸುವ ಮುನ್ನ

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಊರಿನಿಂದ ಬಂದು ಸೇರುವ ಹೊಸ ಡಾಕ್ಟರುಗಳು ಮೊದಲ ವಾರವೇ ಕೇಳುತ್ತಾರೆ: "ಮೇಡಂ, ಯಾವ ರೆಸಿನ್ ಸಿಮೆಂಟ್ ಗಟ್ಟಿ?" ರೆಸಿನ್ ಸಿಮೆಂಟ್ ಎಂದರೆ ಕ್ಯಾಪನ್ನು ಹಲ್ಲಿಗೆ ಹಿಡಿಸುವ, ಪ್ಲಾಸ್ಟಿಕ್ ಜಾತಿಯ ಅಂಟು. ಅಂಗಡಿಯಲ್ಲಿ ಸಿಗುವ ಒಳ್ಳೆಯ ಕಂಪನಿಯ ಸಿಮೆಂಟುಗಳೆಲ್ಲ ಸಾಕಷ್ಟು ಗಟ್ಟಿ. ಕ್ಯಾಪ್ ಬೀಳುವುದು ಸಿಮೆಂಟ್ ಸೋತು ಅಲ್ಲ. ಸಿಮೆಂಟ್ ಹಚ್ಚುವ ಹತ್ತು ನಿಮಿಷ ಮೊದಲು ನಾವು ಏನು ಮಾಡಿದೆವು, ಏನು ಬಿಟ್ಟೆವು ಅನ್ನುವುದರಿಂದ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಸಮಯ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯಬೇಕಾದ ಪೇಷಂಟಿಗೆ ರೆಸಿನ್ ಕೆಲಸ ಇಟ್ಟುಕೊಳ್ಳಬೇಡಿ. ಅವರು ಗಡಿಯಾರ ನೋಡುತ್ತಾರೆ, ನಿಮ್ಮ ಕೈ ತಾನೇ ಓಡುತ್ತದೆ, ಬಿಟ್ಟುಹೋಗುವುದು ಯಾವಾಗಲೂ ರಬ್ಬರ್ ಡ್ಯಾಮ್, ಅಂದರೆ ಹಲ್ಲನ್ನು ಬಾಯಿಯ ತೇವದಿಂದ ಬೇರೆ ಇಡುವ ರಬ್ಬರ್ ಹಾಳೆ. ಬಾಯಿಯೊಳಗಿನ ಉಸಿರಿನಲ್ಲೇ ತೇವ ತುಂಬಿರುತ್ತದೆ. ಜೂನ್ ಬಂತೆಂದರೆ ಮುಂಬೈಯ ಗಾಳಿಯೂ ಹಾಗೇ. ಡ್ಯಾಮ್ ಹಾಕಲು ಐದು ನಿಮಿಷ ಬೇಕು, ಆ ಐದು ನಿಮಿಷ ಕೊಡಿ. ಮಳೆಗಾಲದಲ್ಲಿ ಇನ್ನೊಂದು ವಿಷಯ: ಫ್ರಿಜ್‌ನಿಂದ ತೆಗೆದ ಬಾಂಡ್ (ಸಿಮೆಂಟಿಗೆ ಮೊದಲು ಹಲ್ಲಿಗೆ ಬಳಿಯುವ ಅಂಟುದ್ರವ) ಬಾಟಲಿಯನ್ನು ಕೂಡಲೇ ತೆರೆಯಬೇಡಿ. ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ನೀರಿನ ಹನಿ ಅದರೊಳಗೇ ಕೂರುತ್ತದೆ. ಬಾಂಡಿನ ಹನಿಯನ್ನು ಹಚ್ಚುವ ಕ್ಷಣಕ್ಕೇ ಹಾಕಿಕೊಳ್ಳಿ. ಮೊದಲೇ ಹಾಕಿಟ್ಟರೆ ಅದರಲ್ಲಿರುವ ಆಲ್ಕೋಹಾಲ್ ಅಥವಾ ಅಸಿಟೋನ್ ಆರಿಹೋಗುತ್ತದೆ.

ಈಗ ಹಲ್ಲು. ತಾತ್ಕಾಲಿಕ ಕ್ಯಾಪನ್ನು ಯೂಜಿನಾಲ್, ಅಂದರೆ ಲವಂಗದೆಣ್ಣೆ ಇರುವ ಸಿಮೆಂಟಿನಿಂದ ಕೂರಿಸಬೇಡಿ. ಅದು ರೆಸಿನ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಉಳಿದ ಸಿಮೆಂಟನ್ನು ಪ್ಯೂಮಿಸ್ ಕಲ್ಲಿನ ಪುಡಿ ಹಚ್ಚಿ ಪೂರ್ತಿ ಉಜ್ಜಿ ತೆಗೆಯಿರಿ. ಬ್ಲೀಚಿಂಗ್ ಮಾಡಿಸಿಕೊಂಡ ಹಲ್ಲಾದರೆ ಒಂದೆರಡು ವಾರ ಕಾಯಿರಿ.

ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ನಮ್ಮ ಗೆಳೆಯ. ಲೋಹಕ್ಕೆ ಬಣ್ಣ ಹಿಡಿಯಲಿ ಎಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಸಿಡ್ ಹಚ್ಚುತ್ತಿದ್ದರು. ಅದನ್ನು ನೋಡಿ ಅಮೆರಿಕದ ದಂತವೈದ್ಯ ಬುಯೊನೊಕೋರ್ 1955ರಲ್ಲಿ ಅದೇ ಆಸಿಡ್ಡನ್ನು ಹಲ್ಲಿಗೆ ಹಚ್ಚಿ ತೋರಿಸಿದರು. ನಮ್ಮ ಇಡೀ ಕೆಲಸ ಅಲ್ಲಿಂದ ಶುರುವಾಯಿತು. ಅವರದು 85 ಪರ್ಸೆಂಟ್, ನಮ್ಮ ಜೆಲ್ ಸುಮಾರು 37. ಎನಾಮಲ್ ಅಂಚಿಗೆ 15ರಿಂದ 30 ಸೆಕೆಂಡ್ ಇಟ್ಟು, ಚೆನ್ನಾಗಿ ತೊಳೆದು ಒಣಗಿಸಿದರೆ ಸೀಮೆಸುಣ್ಣದ ಹಾಗೆ ಬಿಳಿ ಕಾಣಬೇಕು. ಕಾಣದಿದ್ದರೆ ಇನ್ನೊಮ್ಮೆ ಮಾಡಿ.

ಎನಾಮಲ್ಲಿನ ಒಳಗಿನ ಪದರ ಡೆಂಟಿನ್ ಹಾಗಲ್ಲ. ಅದರಲ್ಲಿ ನೀರೂ ಇದೆ, ಕೊಲಾಜೆನ್ ನಾರೂ ಇದೆ. ವರ್ಸೋವಾದಲ್ಲಿ ಮೀನುಬಲೆ ನೋಡಿದ್ದೀರಲ್ವಾ? ನೀರಿನಲ್ಲಿ ಬಿಚ್ಚಿಕೊಂಡಿರುತ್ತದೆ, ಮರಳಿಗೆ ಎಳೆದರೆ ಮುದ್ದೆ. ಆಸಿಡ್ ಹಚ್ಚಿದ ಡೆಂಟಿನ್ನಿನ ಮೇಲೆ ಜೋರು ಗಾಳಿ ಬಿಟ್ಟರೆ ಕೊಲಾಜೆನ್ ಬಲೆಗೂ ಇದೇ ಗತಿ. ರೆಸಿನ್ ಒಳಗೆ ಇಳಿಯಲು ಕಣ್ಣುಗಳೇ ಉಳಿಯುವುದಿಲ್ಲ. ಆಸಿಡ್ ಜಾಸ್ತಿ ಹೊತ್ತು ಇಟ್ಟರೂ ತೊಂದರೆಯೇ, ಬಲೆ ರೆಸಿನ್ ತಲುಪದಷ್ಟು ಆಳಕ್ಕೆ ಹೋಗುತ್ತದೆ. ಅದಕ್ಕೇ ನಾನು ಈಗ ಆಸಿಡ್ಡನ್ನು ಎನಾಮಲ್‌ಗೆ ಮಾತ್ರ ಹಚ್ಚುತ್ತೇನೆ. ಡೆಂಟಿನ್ನಿಗೆ ಯೂನಿವರ್ಸಲ್ ಬಾಂಡ್ ಸಾಕು, ಅದರಲ್ಲೇ ಹದವಾದ ಆಸಿಡ್ ಇದೆ. ಆದರೆ ಸುಮ್ನೆ ಬಳಿದು ಬಿಡಬೇಡಿ. 20 ಸೆಕೆಂಡ್ ಉಜ್ಜಿ. ಆಮೇಲೆ ಮೆಲ್ಲನೆ ಗಾಳಿ ಬಿಡಿ, ಮೇಲ್ಮೈ ಅಲುಗಾಡುವುದು ನಿಲ್ಲುವ ತನಕ. ಬಾಂಡ್ ಮತ್ತು ಸಿಮೆಂಟ್ ಒಂದೇ ಕಂಪನಿಯದ್ದಿರಲಿ. ಕೆಲವು ಬಾಂಡುಗಳ ಆಸಿಡ್ ಬೇರೆಯವರ ಸಿಮೆಂಟನ್ನು ಲೈಟ್ ತಲುಪದ ಕಡೆ ಗಟ್ಟಿಯಾಗಲು ಬಿಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಕ್ಯಾಪಿನ ಒಳಬದಿಯಲ್ಲಿ. ನಾನೇ ಮಾಡಿದ್ದೇನೆ. ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂತು ನಿವೃತ್ತರಾದ ಉಡುಪಿ ಕಡೆಯ ಹಿರಿಯರೊಬ್ಬರಿಗೆ ಜಿರ್ಕೋನಿಯಾ, ಅಂದರೆ ತುಂಬಾ ಗಟ್ಟಿಯಾದ ಬಿಳಿ ಸೆರಾಮಿಕ್ಕಿನ ಕ್ಯಾಪ್ ಕೂರಿಸಿದ್ದೆ. ಬಾಯಿಯಲ್ಲಿಟ್ಟು ಅಳತೆ ನೋಡಿದೆ, ಜೊಲ್ಲು ತಾಗಿತು. ಪೋರ್ಸಲಿನ್‌ಗೆ ಮಾಡಿ ಮಾಡಿ ರೂಢಿಯಾಗಿತ್ತು, ಒಳಗೆ ಫಾಸ್ಫಾರಿಕ್ ಆಸಿಡ್ ಹಚ್ಚಿ ತೊಳೆದೆ. ನೋಡಲು ತುಂಬಾ ಸ್ವಚ್ಛ. ಗಣೇಶ ಚೌತಿಯ ಚಕ್ಕುಲಿಗೆ ಅದು ಎದ್ದು ಬಂತು. ಅವರು ಕ್ಯಾಪನ್ನು ಕಾಗದದಲ್ಲಿ ಸುತ್ತಿ ತಂದು, "ನಾನೇ ಗಟ್ಟಿ ಕಚ್ಚಿದೆ ಡಾಕ್ಟ್ರೇ" ಎಂದರು. ತಪ್ಪು ಅವರದಲ್ಲ. ಸಿಮೆಂಟ್ ಪೂರ್ತಿ ಹಲ್ಲಿನ ಮೇಲೇ ಇತ್ತು. ಕ್ಯಾಪಿನ ಒಳಗೆ ಒಂದು ಚೂರೂ ಇಲ್ಲ.

ಕಾರಣ ಸರಳ. ಜಿರ್ಕೋನಿಯಾಕ್ಕೆ ಫಾಸ್ಫೇಟ್ ಎಂದರೆ ಇಷ್ಟ. ಸಿಮೆಂಟಿಗೆ ಮೊದಲು ಕ್ಯಾಪಿನೊಳಗೆ ಬಳಿಯುವ ಪ್ರೈಮರಿನಲ್ಲಿ ಎಂಡಿಪಿ ಎಂಬ ರಾಸಾಯನಿಕವಿದೆ, ಅದು ಹಿಡಿಯುವುದೇ ಆ ಫಾಸ್ಫೇಟ್ ಕೊಂಡಿಯಿಂದ. ಜೊಲ್ಲಿನಲ್ಲೂ ಫಾಸ್ಫೇಟ್ ಇದೆ, ಫಾಸ್ಫಾರಿಕ್ ಆಸಿಡ್ಡಿನಲ್ಲಂತೂ ಇದ್ದೇ ಇದೆ. ಅವು ಮೊದಲೇ ಸೀಟು ಹಿಡಿದರೆ ಎಂಡಿಪಿಗೆ ಜಾಗ ಎಲ್ಲಿ? ಆದ್ದರಿಂದ ಅಳತೆ ನೋಡಿದ ಮೇಲೆ, ಮೊದಲಲ್ಲ, 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಸುಮಾರು 2 ಬಾರ್ ಒತ್ತಡದಲ್ಲಿ ಒಳಬದಿಗೆ ಊದಿ. ಜಾಸ್ತಿ ಒತ್ತಡ ಬೇಡ, ಜಿರ್ಕೋನಿಯಾದಲ್ಲಿ ಸಣ್ಣ ಬಿರುಕು ಬರಬಹುದು. ಲ್ಯಾಬಿನವರು ಊದಿ ಕಳಿಸಿದ್ದಾರೆ ಎಂದು ಬಿಡಬೇಡಿ, ಆಮೇಲೆ ಜೊಲ್ಲು ತಾಗಿದೆ. ಊದುವ ಯಂತ್ರ ಇಲ್ಲದಿದ್ದರೆ ಜಿರ್ಕೋನಿಯಾಕ್ಕೆಂದೇ ಬರುವ ಕ್ಲೀನಿಂಗ್ ಪೇಸ್ಟಿನಿಂದ ಜೊಲ್ಲನ್ನಾದರೂ ತೆಗೆಯಿರಿ. ಆಮೇಲೆ ಎಂಡಿಪಿ ಪ್ರೈಮರ್. ಹಚ್ಚಿದ ಮೇಲೆ ಒಳಬದಿಯನ್ನು ಬೆರಳಿನಿಂದಲೂ ಮುಟ್ಟಬೇಡಿ.

ಲಿಥಿಯಂ ಡೈಸಿಲಿಕೇಟ್ ಕ್ಯಾಪ್ ಬೇರೆ ಜಾತಿ. ಅದು ಗಾಜು ಬೆರೆತ ಸೆರಾಮಿಕ್. ಅದಕ್ಕೆ 5 ಪರ್ಸೆಂಟ್ ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡ್, ತೊಳೆದು ಒಣಗಿಸಿ, ಗಾಜಿಗೂ ರೆಸಿನ್ನಿಗೂ ಕೊಂಡಿ ಹಾಕುವ ಸಿಲೇನ್ ಒಂದು ನಿಮಿಷ. ಈ ಆಸಿಡ್ ಚರ್ಮದ ಒಳಗಿಳಿದು ಸುಡುತ್ತದೆ. ಕೈಗವಸು, ಕನ್ನಡಕ, ಹತ್ತಿರದಲ್ಲೇ ಆ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಬಾಟಲಿ ಮುಟ್ಟಬೇಡಿ. ಸಿಲೇನ್ ಹಳೆಯದಾಗಿ ಮೋಡ ಕವಿದಂತೆ ಕಂಡರೆ ಎಸೆದುಬಿಡಿ.

ಕೂರಿಸುವುದು ಸುಲಭದ ಭಾಗ. ಒತ್ತಿ ಹಿಡಿದು ಎರಡು ಮೂರು ಸೆಕೆಂಡ್ ಮಾತ್ರ ರೆಸಿನ್ ಗಟ್ಟಿ ಮಾಡುವ ಲೈಟ್ ಹಾಕಿ. ಹೊರಗೆ ಬಂದ ಸಿಮೆಂಟ್ ರಬ್ಬರಿನಂತಾಗುತ್ತದೆ, ಆಗ ತೆಗೆಯಿರಿ. ಹಲ್ಲುಗಳ ನಡುವೆ ದಾರ ಎಳೆಯಿರಿ. ಅಂಚಿಗೆ ಗ್ಲಿಸರಿನ್ ಜೆಲ್ ಹಚ್ಚಿ. ಇಲ್ಲದಿದ್ದರೆ ಗಾಳಿಯ ಆಮ್ಲಜನಕ ತಾಗಿದ ರೆಸಿನ್ ಮೇಲ್ಪದರ ಹಸಿಯಾಗಿ ಉಳಿಯುತ್ತದೆ. ಆಮೇಲೆ ಪ್ರತಿ ಬದಿಗೂ 20ರಿಂದ 40 ಸೆಕೆಂಡ್. ದಪ್ಪ ಜಿರ್ಕೋನಿಯಾದ ಕೆಳಗೆ ಬೆಳಕು ಸರಿಯಾಗಿ ಹೋಗುವುದಿಲ್ಲ, ಹಾಗಾಗಿ ಬೆಳಕಿಲ್ಲದೆಯೂ ಗಟ್ಟಿಯಾಗುವ ಡ್ಯುಯಲ್ ಕ್ಯೂರ್ ಸಿಮೆಂಟ್ ಬಳಸಿ. ಪೊಟ್ಟಣದ ಮೇಲೆ ಹೇಳಿದಷ್ಟು ನಿಮಿಷ ಕಾದೇ ಪೇಷಂಟನ್ನು ಎಬ್ಬಿಸಿ.

ಕೆಲವೊಮ್ಮೆ ರೆಸಿನ್ ಬೇಡವೇ ಬೇಡ. ಅಂಚು ಒಸಡಿನ ಕೆಳಗಿದ್ದು, ರಕ್ತ ಜಿನುಗುತ್ತಿದ್ದು, ಒಣಗಿಸಲು ಆಗದಿದ್ದರೆ ಹಟ ಮಾಡಬೇಡಿ. ಕೊರೆದು ಉಳಿದ ಹಲ್ಲು ಎತ್ತರವಾಗಿ, ಗೋಡೆಗಳು ನೆಟ್ಟಗಿದ್ದರೆ ರೆಸಿನ್ ಬೆರೆಸಿದ ಗ್ಲಾಸ್ ಅಯೊನೊಮರ್ ಸಿಮೆಂಟ್ ಜಿರ್ಕೋನಿಯಾ ಕ್ಯಾಪನ್ನು ಚೆನ್ನಾಗಿ ಹಿಡಿಯುತ್ತದೆ. ರೆಸಿನ್ನಿನ ನಿಜವಾದ ಬೆಲೆ ಗೊತ್ತಾಗುವುದು ಗಿಡ್ಡ ಹಲ್ಲಿಗೆ, ಮುಂದಿನ ಹಲ್ಲಿನ ತೆಳು ಹೊದಿಕೆಯಾದ ವಿನಿಯರಿಗೆ, ಅಗಿಯುವ ಮೇಲ್ಭಾಗಕ್ಕಷ್ಟೇ ಕೂರುವ ಒನ್‌ಲೇಗೆ. ಅಲ್ಲಿ ಹಿಡಿದುಕೊಳ್ಳಲು ಗೋಡೆಯೇ ಇರುವುದಿಲ್ಲ.

ಇಷ್ಟಾದರೂ ಬಿದ್ದ ಕ್ಯಾಪ್ ಬರುತ್ತದೆ. ಬಂದಾಗ ಕೂಡಲೇ ತೊಳೆಯಬೇಡಿ. ಮೊದಲು ಫೋಟೋ ತೆಗೆಯಿರಿ. ಸಿಮೆಂಟ್ ಹಲ್ಲಿನ ಮೇಲಿದ್ದರೆ ಕ್ಯಾಪಿನ ಕಡೆ ತಪ್ಪಿದ್ದೀರಿ. ಕ್ಯಾಪಿನೊಳಗಿದ್ದರೆ ಹಲ್ಲಿನ ಕಡೆ. ಎರಡೂ ಕಡೆ ಇದ್ದು, ಉಗುರಿಗೆ ಮೆತ್ತಗೆ ಸಿಕ್ಕರೆ ಲೈಟ್ ಸಾಕಾಗಿಲ್ಲ. ಆ ಹಿರಿಯರ ಕ್ಯಾಪಿನ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ. ಹೊಸಬರು ಬಂದಾಗ ಮೊದಲು ತೋರಿಸುವುದು ಅದನ್ನೇ.