ಕಾರ್ಡು ಹೊಸತು, ಎಸ್‌ಎಂಪಿಎಸ್ ಹಳತು

ಕಾಸರಗೋಡಿನ ನೀರ್ಚಾಲಿನಲ್ಲಿರುವ ಅಕ್ಕನ ಮಗ ಒಂದು ಭಾನುವಾರ ರಾತ್ರಿ ಫೋನ್ ಮಾಡಿದ. 'ಮಾವ, ಹೊಸ ಕಾರ್ಡು ಹಾಳು ಅಂತ ಕಾಣ್ತದೆ. ಸುಮ್ನೆ ಇಟ್ರೆ ಎಂತದೂ ಇಲ್ಲ, ಗೇಮ್ ಶುರು ಮಾಡಿ ಎರಡು ನಿಮಿಷಕ್ಕೆ ಕಂಪ್ಯೂಟರೇ ಆಫ್.' ಮಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಒಂದನ್ನು, ಆರ್‌ಟಿಎಕ್ಸ್ 3060, ತಂದಿದ್ದ. ಮರುದಿನ ಹೋಗಿ ನೋಡಿದೆ. ಕಾರ್ಡಿಗೆ ಏನೂ ಆಗಿರಲಿಲ್ಲ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿ ಕೊಡುವ ಪೆಟ್ಟಿಗೆ, ಐದು ವರ್ಷದಿಂದ ಅದರೊಳಗೇ ಕುಳಿತಿತ್ತು ನೋಡಿ, ಸುಸ್ತಾದದ್ದು ಅದು.

ಅವನ ಹಳೆಯ ಕಾರ್ಡು ಜಿಟಿಎಕ್ಸ್ 1650, ಬೇರೆ ಕೇಬಲ್ ಬೇಡದ ಮಾದರಿ. ಅದಕ್ಕೆ ಬೇಕಾದ 75 ವಾಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತಿತ್ತು. 3060ಕ್ಕೆ 170 ವಾಟ್ ಬೇಕು. ಕಾರ್ಡಿಗೆ ದುಡ್ಡು ಕೂಡಿಡುವಾಗ ಎಸ್‌ಎಂಪಿಎಸ್ ಲೆಕ್ಕಕ್ಕೇ ಬರುವುದಿಲ್ಲ, ಹೆಚ್ಚಿನವರ ಕಥೆ ಇದೇ.

ಮೊದಲು ಕೂಡಿಸಿ ನೋಡಿ

ಕಾರ್ಡಿನ ವಾಟ್, ಪ್ರೊಸೆಸರ್‌ನ ವಾಟ್, ಉಳಿದದ್ದಕ್ಕೆಲ್ಲ ಒಂದು 60. ಇಷ್ಟೇ ಲೆಕ್ಕ. ಪ್ರೊಸೆಸರ್‌ನಲ್ಲಿ ಮಾತ್ರ ಒಂದು ಮೋಸ ಉಂಟು. ಅಳಿಯನದ್ದು ಇಂಟೆಲ್‌ನ ಐ5-12400ಎಫ್, ಎಲ್ಲ ಕಡೆ 65 ವಾಟ್ ಅಂತಲೇ ಬರೆದಿರುತ್ತಾರೆ, ಆದರೆ ಜೋರಾಗಿ ಓಡುವಾಗ ಅದು 117 ವಾಟ್‌ವರೆಗೆ ಎಳೆಯಬಹುದು. ಆ ದೊಡ್ಡ ಅಂಕಿಯನ್ನೇ ಹಿಡಿಯಿರಿ. 170, 117, 60 ಸೇರಿ 347 ವಾಟ್ ಆಯಿತು. ಇದರ ಮೇಲೆ ಅರ್ಧದಷ್ಟು ಸೇರಿಸಿದರೆ 520. ಅಂದರೆ 550 ವಾಟಿನದ್ದು ಸಾಕು. 3060ಕ್ಕೆ ಎನ್‌ವಿಡಿಯಾ ಹೇಳುವುದೂ 550ನ್ನೇ.

ಅರ್ಧ ಜಾಸ್ತಿ ಯಾಕೆ ಅಂದರೆ, ಕಾರ್ಡುಗಳು ಒಂದೇ ಸಮನೆ ವಿದ್ಯುತ್ ಎಳೆಯುವುದಿಲ್ಲ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಬರೆದದ್ದಕ್ಕಿಂತ ತುಂಬ ಮೇಲೆ ಹಾರಿ ಕೆಳಗೆ ಬರುತ್ತವೆ. ದೊಡ್ಡ ಕಾರ್ಡುಗಳಲ್ಲಿ ಇದು ಇನ್ನೂ ಜಾಸ್ತಿ. ಇದಕ್ಕಾಗಿಯೇ ಇಂಟೆಲ್ 2022ರಲ್ಲಿ ಎಟಿಎಕ್ಸ್ 3.0 ನಿಯಮ ತಂದದ್ದು. ಅದರ ಪ್ರಕಾರ ಹೊಸ ಕಾರ್ಡುಗಳಿಗೆ ಬೇಕಾದ 16 ಪಿನ್ ಕನೆಕ್ಟರ್ ಇರುವ, 450 ವಾಟಿಗಿಂತ ಮೇಲಿನ ಎಸ್‌ಎಂಪಿಎಸ್, ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು, ತನ್ನ ಶಕ್ತಿಯ ಎರಡು ಪಟ್ಟು ಭಾರ ತಡೆದುಕೊಳ್ಳಬೇಕು.

ಮುಂದೆ 250 ವಾಟಿನ ಆರ್‌ಟಿಎಕ್ಸ್ 5070 ತರಹದ್ದು ಹಾಕುವ ಆಸೆ ಇದ್ದರೆ ಈಗಲೇ 650 ತಗೊಳ್ಳಿ. ಆಸೆ ಇಲ್ಲದಿದ್ದರೆ 850, 1000 ಅಂತ ಸುಮ್ನೆ ದುಡ್ಡು ಹಾಕಬೇಡಿ.

ಪಕ್ಕದ ಚೀಟಿ ಓದಿ

ಇಡೀ ಕೆಲಸದಲ್ಲಿ ನನ್ನ ಪ್ರಕಾರ ಮುಖ್ಯವಾದದ್ದು ಇದೊಂದೇ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಎಸ್‌ಎಂಪಿಎಸ್‌ನ ಮೈಗೆ ಅಂಟಿಸಿದ ಚೀಟಿ ನೋಡಿ. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಮನೆಗಳಿರುತ್ತವೆ, ಪ್ರತಿಯೊಂದರ ಕೆಳಗೆ ಆಂಪಿಯರ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು 12 ವೋಲ್ಟಿನ ಮೇಲೆ. ಅದರ ಆಂಪಿಯರನ್ನು 12ರಿಂದ ಗುಣಿಸಿ.

ಅಳಿಯನ ಎಸ್‌ಎಂಪಿಎಸ್ ಮೇಲೆ 450 ಅಂತ ಬೆರಳುದ್ದದ ಅಕ್ಷರ ಇತ್ತು. ಚೀಟಿಯಲ್ಲಿ 12 ವೋಲ್ಟಿನ ಕೆಳಗೆ 16 ಆಂಪಿಯರ್. ಗುಣಿಸಿದರೆ 192 ವಾಟ್! ಉಳಿದದ್ದೆಲ್ಲ ಅವನ ಕಂಪ್ಯೂಟರಿಗೆ ಹೆಚ್ಚು ಬೇಡದ ಕಡೆ ಬರೆದು ತುಂಬಿಸಿದ್ದು. ಒಂದು ಒಳ್ಳೆಯ 550 ವಾಟಿನದ್ದರಲ್ಲಿ 12 ವೋಲ್ಟಿಗೇ 45 ಆಂಪಿಯರ್ ಇರುತ್ತದೆ, ಅಂದರೆ 540 ವಾಟ್. ತೋಟದಲ್ಲಿ ನೀರು ಚಿಮ್ಮುವ ನಾಲ್ಕು ಜೆಟ್ ತಿರುಗಿಸುವ ಪಂಪಿಗೆ ಹತ್ತು ಜೆಟ್ ಸಿಕ್ಕಿಸಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಮುದ್ರೆ ಇರುತ್ತದಲ್ವಾ, ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಪೋಲಾಗದೆ ಕಂಪ್ಯೂಟರಿಗೆ ಸಿಗುತ್ತದೆ ಅಂತ ಹೇಳುವುದು, ಅದರ ಬಗ್ಗೆ ಒಂದು ತಪ್ಪು ತಿಳುವಳಿಕೆ ತುಂಬ ಜನರಲ್ಲಿದೆ. 550 ವಾಟಿನ ಬ್ರಾಂಜ್ ಅಂದರೆ 85 ಶೇಕಡಾ, ಹಾಗಾಗಿ ಸಿಗುವುದು 467 ವಾಟ್ ಮಾತ್ರ ಅಂತ. ಹಾಗಲ್ಲ. 550 ಪೂರ್ತಿ ಸಿಗುತ್ತದೆ, ಗೋಡೆಯ ಪ್ಲಗ್ಗಿನಿಂದ ಅದಕ್ಕಿಂತ ಜಾಸ್ತಿ ಎಳೆಯುತ್ತದೆ ಅಷ್ಟೇ. ಮೇಲಿನ 347 ವಾಟಿಗೆ ಗೋಡೆಯಿಂದ ಸುಮಾರು 408 ಹೋಗುತ್ತದೆ, ಉಳಿದದ್ದು ಬಿಸಿ. ಬ್ರಾಂಜ್ ಸಾಕು. ದಿನಕ್ಕೆ ಎಂಟು ಗಂಟೆ ಆಡುವವರು ಬೇಕಾದರೆ ಗೋಲ್ಡ್ ತಗೊಳ್ಳಲಿ. ಮುದ್ರೆಗಿಂತ ನಾನು ವಾರಂಟಿ ನೋಡುತ್ತೇನೆ. ಐದು ವರ್ಷ ಕೊಡುವವನಿಗೆ ತನ್ನ ಮಾಲಿನ ಮೇಲೆ ಸ್ವಲ್ಪವಾದರೂ ನಂಬಿಕೆ ಇರುತ್ತದೆ.

ಪಿನ್ ಎಣಿಸಿ

ಕಾರ್ಡಿನಲ್ಲಿ ಎಷ್ಟು ಪಿನ್ ಇದೆಯೋ ಅಷ್ಟು ಪಿನ್ನಿನ ಕೇಬಲ್ ಎಸ್‌ಎಂಪಿಎಸ್‌ನಿಂದಲೇ ಬರಬೇಕು. 6 ಪಿನ್ 75 ವಾಟಿಗೆ, 8 ಪಿನ್ 150 ವಾಟಿಗೆ. ಹಳೆಯ ಎಸ್‌ಎಂಪಿಎಸ್‌ನಲ್ಲಿ 8 ಪಿನ್ನಿನದ್ದು ಇರಲಿಲ್ಲ ಅಂತ ಯಾರೋ ಅಳಿಯನ ಕೈಗೆ ಸಾಟಾದಿಂದ, ಅಂದರೆ ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ಕೇಬಲ್‌ನಿಂದ, 8 ಪಿನ್ ಮಾಡುವ ಒಂದು ಅಡಾಪ್ಟರ್ ಕೊಟ್ಟಿದ್ದರು. ನೋಡಿ ಎದೆ ಝಲ್ ಅಂದಿತು. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ಕೊಡಬಹುದಾದದ್ದು 54 ವಾಟ್, ಅದರಿಂದ 150 ಎಳೆದರೆ ಪ್ಲಾಸ್ಟಿಕ್ ಕರಗಬಹುದು. ಅಂಥದ್ದು ಕೊಟ್ಟರೆ ಬೇಡ ಅನ್ನಿ.

ಹೊಸ ಕಾರ್ಡುಗಳಲ್ಲಿ 16 ಪಿನ್ನಿನ ಸಣ್ಣ ಕನೆಕ್ಟರ್ ಬರುತ್ತದೆ. ಅದನ್ನು ಕೊನೆಯವರೆಗೆ ಒತ್ತಿ, ನಡುವೆ ಕೂದಲೆಳೆಯ ಸಂದು ಕೂಡ ಕಾಣಬಾರದು. ತಂತಿಯನ್ನು ಕನೆಕ್ಟರಿನ ಬುಡದಲ್ಲೇ ಮಡಚಬೇಡಿ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದ ಹೊಸತರಲ್ಲಿ ಕನೆಕ್ಟರ್ ಕರಗಿದ ಎಷ್ಟೋ ಕಡೆ ಅದು ಪೂರ್ತಿ ಕುಳಿತಿರಲಿಲ್ಲ.

ಹಾಕುವಾಗ

ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಹಳೆಯ ಕೇಬಲ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರೊಸೆಸರ್‌ನ 8 ಪಿನ್, ಕಾರ್ಡಿನ 8 ಪಿನ್ ಬೇರೆ ಬೇರೆ, ಹೋಗದಿದ್ದರೆ ಒತ್ತಾಯ ಮಾಡಬೇಡಿ. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯದರ ಒಂದು ತಂತಿಯನ್ನೂ ಹೊಸದಕ್ಕೆ ಹಾಕಬಾರದು. ತುದಿ ಒಂದೇ ತರಹ ಕಂಡರೂ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಕಂಪನಿಗೊಂದು ರೀತಿ, ತಪ್ಪಿದರೆ ಹಾರ್ಡ್ ಡಿಸ್ಕ್ ಸುಟ್ಟೇ ಹೋಗಬಹುದು. ಹಳೆಯ ಎಸ್‌ಎಂಪಿಎಸ್‌ನ ಒಳಗೆ ಏನಿದೆ ಅಂತ ಬಿಚ್ಚಿ ನೋಡುವ ಕುತೂಹಲವೂ ಬೇಡ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು.

ನಮ್ಮ ಊರಿನ ಕರೆಂಟು

ಬೆಂಗಳೂರಿನವರು ಹಾಕುವ ವಿಡಿಯೋಗಳಲ್ಲಿ ಇದು ಸಿಗುವುದಿಲ್ಲ. ಬೇಸಿಗೆಯಲ್ಲಿ ಊರಿನ ಪಂಪುಗಳೆಲ್ಲ ಒಟ್ಟಿಗೆ ತಿರುಗುವಾಗ ತೋಟದ ಮನೆಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. ಚೀಟಿಯಲ್ಲಿ 100-240 ವೋಲ್ಟ್ ಅಂತ ಇರುವುದನ್ನೇ ಕೇಳಿ ತಗೊಳ್ಳಿ, 200-240 ಅಂತ ಇರುವುದು ಸಂಜೆ ಹೊತ್ತಿಗೆ ಕೈ ಕೊಡಬಹುದು. ಹಿಂದೆ ಕೆಂಪು ಸ್ವಿಚ್ ಇರುವ ಹಳೆಯ ಕಾಲದ್ದಾದರೆ ಅದು 230ರಲ್ಲೇ ಇರಲಿ. ವೋಲ್ಟೇಜ್ ಕಡಿಮೆ ಅಂತ 115ಕ್ಕೆ ತಿರುಗಿಸಿದರೆ ಢಬ್ ಅಂತ ಮುಗಿಯಿತು.

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತದಾ? ಹಾಗಾದರೆ ಹೆಚ್ಚಾಗಿ ಅರ್ತ್ ಸರಿ ಇಲ್ಲ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಸ್ವಲ್ಪ ಸೋರಿಕೆ ಕರೆಂಟನ್ನು ಕ್ಯಾಬಿನೆಟ್ ಮೈಗೆ ಬಿಡುತ್ತದೆ. ಅರ್ತ್ ಇದ್ದರೆ ಅದು ಮಣ್ಣಿಗೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಗೆ. ನಮ್ಮದು ಮುರಕಲ್ಲಿನ ಜಾಗ, ಮಾರ್ಚ್ ಬಂತೆಂದರೆ ಅರ್ತ್ ಗುಂಡಿ ಒಣಗಿ ಹೆಸರಿಗಷ್ಟೇ ಇರುತ್ತದೆ. ಅಕ್ಕನ ಮನೆಯಲ್ಲೂ ಹಾಗೆಯೇ ಆಗಿತ್ತು. ಎರಡು ಕೊಡ ನೀರು ಹಾಕಿದ ಮೇಲೆ ಜುಮ್ ಅನ್ನುವುದು ನಿಂತಿತು. ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್. ಗೇಮ್ ನಡುವೆ ಕರೆಂಟು ಹೋದಾಗ ಕಂಪ್ಯೂಟರ್ ಎಳೆಯುವುದು ಅಷ್ಟರೊಳಗೆ ಇದ್ದರೆ ಸೇವ್ ಮಾಡಿ ಬಂದ್ ಮಾಡುವಷ್ಟು ಸಮಯ ಸಿಗಬಹುದು, ಆಟ ಮುಂದುವರಿಸುವಷ್ಟಲ್ಲ.

ಹೊಸ ಎಸ್‌ಎಂಪಿಎಸ್ ಹಾಕಿದ ದಿನ ಅಳಿಯ ಮೂರು ಗಂಟೆ ಆಡಿದ, ಒಮ್ಮೆಯೂ ಆಫ್ ಆಗಲಿಲ್ಲ. ನಾಲ್ಕನೆಯ ಗಂಟೆಗೆ ಗುಡುಗು ಶುರುವಾಯಿತು. ಅಕ್ಕ ಒಳಗಿಂದಲೇ ಕೂಗಿದಳು, 'ಪ್ಲಗ್ ತೆಗೆ ಮಾರಾಯ'. ಪ್ಲಗ್ ತೆಗೆದ. ರೂಟರಿನಿಂದ ಬರುವ ಕೇಬಲ್ ಹಾಗೇ ಇತ್ತು, ಅದನ್ನು ನಾನು ಕಿತ್ತೆ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.