ಬೀದರ್ ಹಳ್ಳಿಗೆ ಸೇವೆಗೆ ಹೊರಟಿದ್ದೀರಾ?

ಚರ್ಚಿನ ತಂಡದ ಜೊತೆ ಬೀದರ್ ಕಡೆಗೆ ಮೂರು ಸಲ ಹೋಗಿದ್ದೇನೆ. ಮೊದಲು ಅಲ್ಲಿನ ಪಾಸ್ಟರ್‌ಗೆ ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ನಾವು ಕೇಳದೆ ಎರಡು ಮೂಟೆ ಹಳೇ ಬಟ್ಟೆ ಹೊತ್ತು ಹೋದೆವು. ಅವರಿಗೆ ಬೇಕಿದ್ದದ್ದು ಚರ್ಚಿನ ಗೋಡೆಗೆ ಸುಣ್ಣ ಬಳಿಯೋ ಕೈಗಳು.

ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ 6ಕ್ಕೇ ಕೆಲಸ ಶುರು ಮಾಡಿ, 11ಕ್ಕೆ ನಿಲ್ಲಿಸಿ. ಟವೆಲ್, ಓಆರ್‌ಎಸ್ ಮರೆಯಬೇಡಿ.

ಬೀದರಿನಲ್ಲಿ ಮೆಥೊಡಿಸ್ಟ್ ಸಭೆ, ಅಂದರೆ ಆ ಪ್ರೊಟೆಸ್ಟೆಂಟ್ ಪಂಗಡದ ಚರ್ಚು, ನೂರು ವರ್ಷಕ್ಕೂ ಹಳೆಯದು. ಹಾಗಾಗಿ ಕಲಿಸೋಕೆ ಬಂದವರಂತೆ ಮಾತಾಡಬೇಡಿ, ಜಾಸ್ತಿ ಕೇಳಿಸಿಕೊಳ್ಳಿ. ಹಿರಿಯರು ಕೆಲವರು ಮರಾಠಿ, ಉರ್ದು ಬೆರೆಸಿ ಮಾತಾಡುತ್ತಾರೆ. ತಂಡದಲ್ಲಿ ಅದು ಗೊತ್ತಿರೋ ಒಬ್ಬರಿರಲಿ.

ಊಟಕ್ಕೆ ಕರೆದರೆ ಬೇಡ ಅನ್ನಬೇಡಿ. ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದ ಅಜ್ಜಿಯೊಬ್ಬರು ಹಿಟ್ಟು ಮೆತ್ತಿದ ಕೈಯಲ್ಲೇ ಶೇಂಗಾ ಹಿಂಡಿ (ಚಟ್ನಿಪುಡಿ) ಬಡಿಸಿ, "ಇನ್ನೊಂದು ಉಣ್ಣವ್ವಾ" ಅಂದರು. ಆಮೇಲೆ ಮೆಲ್ಲಗೆ, ಹೈದರಾಬಾದಿಗೆ ದುಡಿಯೋಕೆ ಹೋದ ಮಗನಿಗಾಗಿ ಪ್ರಾರ್ಥನೆ ಮಾಡು ಅಂದರು. ಕೈ ಹಿಡಿದು ಅಲ್ಲೇ ಮಾಡಿದೆ. ಇಂಥ ಹೊತ್ತಲ್ಲಿ ಫೋಟೋ ತೆಗೆಯಬೇಡಿ. ಊರಿಗೆ ಬಂದ ಮೇಲೆ ಫೋನ್ ಮಾಡಿ, ಮಗ ಹೇಗಿದ್ದಾನೆ ಅಂತ ಕೇಳಿ.