ಬ್ಲೂಸ್‌ಬ್ರೇಕರ್ ಥರದ ಪೆಡಲ್‌ನಿಂದ ಹಳೇ ಮಾರ್ಷಲ್ ಸೌಂಡ್ ತೆಗೆಯೋದು ಹೇಗೆ?

ಬ್ಲೂಸ್‌ಬ್ರೇಕರ್ ಥರದ ಓವರ್‌ಡ್ರೈವ್ ಪೆಡಲ್ (ಎಲೆಕ್ಟ್ರಿಕ್ ಗಿಟಾರ್‌ಗೂ ಆಂಪ್ಲಿಫೈಯರ್‌ಗೂ, ಅಂದ್ರೆ ಆಂಪ್‌ಗೂ ನಡುವೆ ಹಾಕಿ ಸೌಂಡ್‌ನ ಸ್ವಲ್ಪ ಒರಟು ಮಾಡೋ ಪುಟ್ಟ ಪೆಟ್ಟಿಗೆ) ತಂದವರು ತುಂಬಾ ಜನ ಮೊದಲ ದಿನಾನೇ ಗೇನ್ (ಸೌಂಡ್ ಎಷ್ಟು ಒರಟಾಗ್ಬೇಕು ಅನ್ನೋ ನಾಬ್) ಪೂರ್ತಿ ತಿರುಗಿಸಿ, ಇದ್ರಲ್ಲಿ ಡಿಸ್ಟಾರ್ಷನ್ನೇ (ಜೋರು ಒರಟುತನಾನೇ) ಇಲ್ವಲ್ಲ ಅಂತ ಬೇಜಾರಾಗಿ ಮಾರ್ಬಿಡ್ತಾರೆ. ಇದರ ಕೆಲ್ಸಾನೇ ಬೇರೆ ಕಣ್ರೀ, ಹಳೇ ಮಾರ್ಷಲ್ ಆಂಪ್‌ನ ಮೆತ್ತನೆ ಒರಟುತನ ಕೊಡೋದು.

ಲಂಡನ್‌ನ ಹ್ಯಾನ್‌ವೆಲ್‌ನಲ್ಲಿದ್ದ ಜಿಮ್ ಮಾರ್ಷಲ್ ಅವ್ರ ಸಂಗೀತ ವಾದ್ಯದ ಅಂಗಡಿಯವ್ರು 1960ರ ದಶಕದ ಶುರುನಲ್ಲಿ ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್‌ನ ಸರ್ಕ್ಯೂಟ್ ನೋಡ್ಕೊಂಡು ಜೆಟಿಎಂ45 ಅನ್ನೋ ವಾಲ್ವ್ ಆಂಪ್ (ಗಾಜಿನ ಕೊಳವೆಗಳಿಂದ ಸಿಗ್ನಲ್ ಹಿಗ್ಗಿಸೋ ಆಂಪ್) ಮಾಡಿದ್ರು, ಅದನ್ನೇ 12 ಇಂಚಿನ ಎರಡು ಸ್ಪೀಕರ್ ಜೊತೆ ಒಂದೇ ಪೆಟ್ಟಿಗೇಲಿ ಕೂರಿಸಿದ್ದನ್ನ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್, ಜಾನ್ ಮೇಯಲ್ ಅವ್ರ ಬ್ಲೂಸ್‌ಬ್ರೇಕರ್ಸ್ ತಂಡದ 1966ರ ರೆಕಾರ್ಡಿಂಗ್‌ನಲ್ಲಿ ಜೋರಾಗಿ ನುಡಿಸಿದ್ರು, ಆ ತಂಡದ ಹೆಸ್ರೇ ಆಂಪ್‌ಗೂ ಅಂಟ್ಕೊಳ್ತು. ಮಾರ್ಷಲ್ ಕಂಪನಿ 1991ರಲ್ಲಿ ಅದೇ ಹೆಸ್ರಲ್ಲಿ ಪೆಡಲ್ ತಂತು. ಒಳಗೆ ವಾಲ್ವ್ ಇಲ್ಲ, ಒಂದು ಎಲೆಕ್ಟ್ರಾನಿಕ್ ಚಿಪ್, ಸಿಗ್ನಲ್ಲಿನ ತುದೀನ ಮೆತ್ತಗೆ ಸವರೋ ನಾಲ್ಕು ಡಯೋಡು, ಅಷ್ಟೇ. ಅದಕ್ಕೇ ಉಳಿದ ಕೆಲ್ಸ ನಿಮ್ಮ ಆಂಪೂ ಬೆರಳೂ ಮಾಡ್ಬೇಕು.

ಮೊದ್ಲು ಪವರ್. 9 ವೋಲ್ಟ್ ಡಿಸಿ, ಸೆಂಟರ್ ನೆಗೆಟಿವ್ (ಪ್ಲಗ್‌ನ ನಡುವೆ ಮೈನಸ್, ಹೊರಗೆ ಪ್ಲಸ್) ಅಡಾಪ್ಟರ್ರೇ ಬೇಕು. ನಾನು ಮನೇಲಿದ್ದ ಯಾವ್ದೋ ರೂಟರ್ ಅಡಾಪ್ಟರ್ ಹಾಕಿ ಒಂದು ಪೆಡಲ್ ಸುಟ್ಕೊಂಡಿದೀನಿ, ದಯವಿಟ್ಟು ಪ್ಲಸ್ ಮೈನಸ್ ಚಿತ್ರ ನೋಡಿ.

ಆಮೇಲೆ ಪೆಡಲ್ ಆಫ್ ಇರೋವಾಗ್ಲೇ ಆಂಪ್ ಸೆಟ್ ಮಾಡಿ. ಮೆಲ್ಲಗೆ ಮೀಟಿದ್ರೆ ಕ್ಲೀನ್, ಜೋರಾಗಿ ಹೊಡೆದ್ರೆ ಸೌಂಡ್ ಸ್ವಲ್ಪ ಒಡೀಬೇಕು (ಒರಟಾಗ್ಬೇಕು), ಅಲ್ಲೀವರೆಗೂ ವಾಲ್ಯೂಮ್ ಏರಿಸಿ. ಈ ಹಂತ ಬಿಟ್ರೆ ಮುಂದಿನದು ಯಾವ್ದೂ ಸರಿಹೋಗಲ್ಲ.

ಈಗ ಪೆಡಲ್ ಆನ್ ಮಾಡಿ. ಗೇನ್ ಗಡಿಯಾರದ 9 ಗಂಟೆ ಜಾಗದಲ್ಲಿ, ಟೋನ್ 12ರಲ್ಲಿ ಇಟ್ಟು, ವಾಲ್ಯೂಮ್‌ನ ಪೆಡಲ್ ಆಫ್ ಇದ್ದಾಗಿನ ಮಟ್ಟಕ್ಕಿಂತ ಒಂಚೂರು ಜಾಸ್ತಿ ಮಾಡಿ, ಯಾಕಂದ್ರೆ ಆ ಹೆಚ್ಚುವರಿ ಸಿಗ್ನಲ್ಲೇ ಆಂಪ್‌ನ ತಳ್ಳಿ ನಿಜವಾದ ದಪ್ಪ ಸೌಂಡ್ ಕೊಡೋದು. ಕಿವಿಗೆ ಚುಚ್ಚಿದ್ರೆ ಟೋನ್ ಇಳಿಸಿ. ಗೇನ್ ಮುಟ್ಟೋದು ಕೊನೇಲಿ, ಅದೂ 12 ದಾಟೋದು ನನಗಂತೂ ಅಪರೂಪ.

ಇನ್ನು ಅಸಲಿ ಮಜಾ ಗಿಟಾರ್ ನಾಬ್‌ನಲ್ಲಿದೆ. ವಾಲ್ಯೂಮ್ 10ರಲ್ಲಿಟ್ಟು ಒಂದು ಎ ಕಾರ್ಡ್ (ಹಲವು ತಂತಿ ಒಟ್ಟಿಗೆ ಮೀಟೋ ಸ್ವರಗುಂಪು) ಹೊಡೀರಿ, ಗುರ್ ಅಂತ ಒರಟಾಗಿ ಬರತ್ತೆ, ಕಿರುಬೆರಳಲ್ಲೇ 6ಕ್ಕೆ ಇಳಿಸಿ ಅದೇ ಕಾರ್ಡ್ ಮತ್ತೆ ಮೀಟಿ, ಒಂದೊಂದು ತಂತಿನೂ ಬಿಡಿಬಿಡಿಯಾಗಿ ಕೇಳ್ಸತ್ತೆ. ಹಾಡೋರ ಹಿಂದೆ 6, ಸೋಲೋ ಬಂದಾಗ 10, ಕಾಲಲ್ಲಿ ಸ್ವಿಚ್ ತುಳಿಯೋದೇ ಬೇಡ.

ಅಪಾರ್ಟ್‌ಮೆಂಟ್‌ನಲ್ಲಿ ಹೆಡ್‌ಫೋನ್ ಹಾಕ್ಕೊಂಡು ಇಂಟರ್‌ಫೇಸ್ (ಗಿಟಾರ್‌ನ ಕಂಪ್ಯೂಟರ್‌ಗೆ ಜೋಡಿಸೋ ಪೆಟ್ಟಿಗೆ) ಮೂಲಕ ನುಡಿಸೋರು ಪೆಡಲ್ ಆದ್ಮೇಲೆ ಸಾಫ್ಟ್‌ವೇರ್‌ನಲ್ಲಿ ಒಂದು ಆಂಪ್, ಒಂದು ಸ್ಪೀಕರ್ ಕ್ಯಾಬ್ ಸಿಮ್ಯುಲೇಷನ್ (ಸ್ಪೀಕರ್ ಪೆಟ್ಟಿಗೆ ಸೌಂಡಿನ ಅನುಕರಣೆ) ಹಾಕ್ಲೇಬೇಕು, ಇಲ್ಲಾಂದ್ರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಇರತ್ತೆ.